ಬೇಗ ಬಲಿತರೆ ಮಾಗಿದಂತಲ್ಲ

2025ರ ನವೆಂಬರ್‌ನಲ್ಲಿ ‘ಹದಿಹರೆಯ ಮುಗಿಯುವುದು 32ಕ್ಕೆ’ ಎಂಬ ಸುದ್ದಿ ಲೋಕವನ್ನೆಲ್ಲ ಸುತ್ತಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಅಲೆಕ್ಸಾ ಮೌಸ್ಲಿ ಮತ್ತು ಸಂಗಡಿಗರು ಎಳೆಗೂಸುಗಳಿಂದ ಹಿಡಿದು 90ರ ವೃದ್ಧರವರೆಗೆ, ನಾಲ್ಕು ಸಾವಿರದ ಸಮೀಪ ಜನರ ಮಿದುಳಿನ ಚಿತ್ರಗಳನ್ನು ಹೋಲಿಸಿದ್ದರು. ನರತಂತುಗಳ ಜೋಡಣೆಯ ಬಗೆ ಸುಮಾರು 9, 32, 66 ಮತ್ತು 83ನೇ ವಯಸ್ಸಿನಲ್ಲಿ ತಿರುವು ಪಡೆಯುತ್ತದೆ ಎಂಬುದು ಅವರ ತೀರ್ಮಾನ. ಮೂವತ್ತರ ಹೊಸ್ತಿಲಲ್ಲಿ ಇರುವವರು ಹುಡುಗಾಟ ಆಡುತ್ತಾರೆ ಎಂದು ಅವರು ಹೇಳಿಲ್ಲ, ತಲೆಬರಹಗಳು ಹೇಳಿದವು. ಇದಕ್ಕೆ ಮುಂಚೆ ‘ಮಿದುಳು ಪೂರ್ತಿಯಾಗುವುದು 25ಕ್ಕೆ’ ಎಂಬ ಮಾತು ಹೀಗೆಯೇ ಮೊಬೈಲಿನಿಂದ ಮೊಬೈಲಿಗೆ ಹಾರಿತ್ತು. ಅಷ್ಟು ಖಚಿತವಾದ ಗಡುವನ್ನು ಯಾವ ಅಧ್ಯಯನವೂ ತೋರಿಸಿಕೊಟ್ಟಿಲ್ಲ. ಆದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಲೆಕ್ಕ ತಿರುಗುಮುರುಗು: ಅಲ್ಲಿ ಮಕ್ಕಳನ್ನೇ ದೊಡ್ಡವರೆಂದು ಎಣಿಸುತ್ತಾರೆ. ಹನ್ನೆರಡರ ಹುಡುಗಿ ರೊಟ್ಟಿ ಬಡಿದು, ತಮ್ಮನನ್ನು ಶಾಲೆಗೆ ಕಳಿಸಿ, ಅಜ್ಜಿಗೆ ಗುಳಿಗೆ ಕೊಟ್ಟರೆ, ‘ಹುಡುಗಿ ಭಾಳ ಶಾಣ್ಯಾ ಅದಾಳ, ಮನಿ ಎಲ್ಲಾ ಆಕೀನೇ ನೋಡ್ಕೋತಾಳ’ ಎಂಬ ಹೊಗಳಿಕೆ ಸಿಗುತ್ತದೆ. ಎಷ್ಟೋ ಮನೆಗಳಲ್ಲಿ ಆ ಹೊಗಳಿಕೆಯ ಬೆನ್ನಿಗೇ ವರ ನೋಡುವ ಮಾತು ಶುರುವಾಗುತ್ತದೆ. ಮಗು ಬೇಗ ದೊಡ್ಡವರಂತೆ ಕಂಡರೆ ಅದರ ಬೆಳವಣಿಗೆ ಮುಗಿದಿದೆ ಎಂದು ನಾವು ಓದಿಕೊಳ್ಳುತ್ತೇವೆ. ಸಂಶೋಧನೆಗಳು ಕೊಡುವ ಅರ್ಥ ಬೇರೆಯೇ ಇದೆ. ಬಹಳ ಸಲ ಆ ಗಾಂಭೀರ್ಯ, ಮಗುವಿಗೆ ಸಿಗಬೇಕಿದ್ದ ಆಸರೆ ಎಲ್ಲೋ ತಪ್ಪಿದೆ ಎಂಬುದರ ಸುಳಿವು.

ಮುಗ್ಧತೆ ಅಂದರೆ ಲೋಕ ತಿಳಿಯದಿರುವುದು ಎಂದು ನಾವು ಅಂದುಕೊಂಡಿದ್ದೇವೆ. ಮನೋವಿಜ್ಞಾನ ಅದರ ಇನ್ನೊಂದು ಮುಖವನ್ನು, ಅಂದರೆ ಒಳಗಿನ ಭಾವವನ್ನು ಬಚ್ಚಿಡಲು ಬಾರದಿರುವುದನ್ನು, ಪರೀಕ್ಷಿಸಿದೆ. ಅಮೆರಿಕದ ಕ್ಯಾರೊಲಿನ್ ಸಾರ್ನಿ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಒಂದು ಸಣ್ಣ ಕೆಲಸ ಕೊಟ್ಟು ಮೊದಲ ಸಲ ಒಳ್ಳೆಯ ಉಡುಗೊರೆ ಕೊಡಲಾಯಿತು. ಎರಡನೇ ಸಲ ಆಸೆಯಿಂದ ಬಿಚ್ಚಿದ ಪೊಟ್ಟಣದಲ್ಲಿ ಎಳೆಗೂಸುಗಳ ಆಟಿಕೆ ಇತ್ತು. ಚಿಕ್ಕವರು, ಅದರಲ್ಲೂ ಗಂಡುಹುಡುಗರು, ಮುಖ ಸಪ್ಪಗೆ ಮಾಡಿಕೊಂಡರು. ದೊಡ್ಡವರು, ಹೆಚ್ಚಾಗಿ ಹೆಣ್ಣುಮಕ್ಕಳು, ನಕ್ಕು ‘ಥ್ಯಾಂಕ್ಸ್’ ಅಂದರು. ನಡುವಿನವರು ತುಟಿ ಕಚ್ಚಿಕೊಂಡು, ಕೊಟ್ಟವರ ಮುಖವನ್ನು ಮತ್ತೆ ಮತ್ತೆ ನೋಡುತ್ತ ಏನು ಮಾಡಬೇಕೆಂದು ತಿಳಿಯದೆ ನಿಂತರು. ಒಳಗಿನ ಭಾವವನ್ನು ಮುಖಕ್ಕೆ ತರದಿರುವುದು ಕಲಿಯುವ ವಿದ್ಯೆ. ಕೆಲವು ಮಕ್ಕಳು ಅದನ್ನು ಬಹಳ ಬೇಗ ಕಲಿಯುತ್ತಾರೆ. ಆದರೆ ನಗುವ ಮುಖದ ಹಿಂದೆ ನಿರಾಸೆ ಕರಗಿತೋ ಇಲ್ಲವೋ ಎಂಬುದನ್ನು ಆ ನಗು ಹೇಳುವುದಿಲ್ಲ. ಮರೆಮಾಚುವುದು ಮತ್ತು ಸಂಬಾಳಿಸುವುದು ಎರಡೂ ಬೇರೆ ಶಕ್ತಿಗಳು. ‘ಶಾಣ್ಯಾ’ ಎಂದು ಹೊಗಳುವಾಗ ನಾವು ನೋಡುತ್ತಿರುವುದು ಮೊದಲನೆಯದನ್ನು.

ಹಾಗಾದರೆ ಭಯ, ದುಃಖಗಳನ್ನು ಮಗು ನಿಜಕ್ಕೂ ಸಂಬಾಳಿಸುವುದು ಹೇಗೆ? ಬಹುಮಟ್ಟಿಗೆ ದೊಡ್ಡವರ ಸಮಾಧಾನವನ್ನು ಕಡ ಪಡೆದು. ಮಿದುಳಿನ ಆಳದಲ್ಲಿ ಅಪಾಯದ ಸುಳಿವು ಹಿಡಿಯುವ ಅಮಿಗ್ಡಲಾ ಇದೆ. ಹಣೆಯ ಹಿಂದೆ ಅದಕ್ಕೆ ಲಗಾಮು ಹಾಕುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಇದೆ. ವಯಸ್ಕರಲ್ಲಿ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಈ ಏರಿಳಿತ ಇನ್ನೂ ಕುದುರಿರುವುದಿಲ್ಲ. ಮನೋವಿಜ್ಞಾನಿಗಳಾದ ಡಿಲನ್ ಗೀ, ನಿಮ್ ಟಾಟನ್‌ಹ್ಯಾಮ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ತಮ್ಮ ತಾಯಿಯ ಫೋಟೊ ಮತ್ತು ಅಪರಿಚಿತ ಹೆಂಗಸಿನ ಫೋಟೊ ತೋರಿಸಿ ಮಿದುಳನ್ನು ಗಮನಿಸಿದರು. ತಾಯಿಯ ಮುಖ ಕಂಡಾಗ ಹತ್ತರೊಳಗಿನ ಮಕ್ಕಳ ಲಗಾಮು ದೊಡ್ಡವರದಂತೆ ಕೆಲಸ ಮಾಡಿತು. ಹದಿಹರೆಯದವರಲ್ಲಿ ತಾಯಿಯ ಮುಖಕ್ಕೂ ಅಪರಿಚಿತ ಮುಖಕ್ಕೂ ಆ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಒಂದು ವರ್ಷ ಮುಂಚೆ ಇದೇ ಗುಂಪು, ಅನಾಥಾಲಯಗಳಲ್ಲಿದ್ದು ನಂತರ ದತ್ತು ಹೋದ ಮಕ್ಕಳನ್ನು ಪರೀಕ್ಷಿಸಿತ್ತು. ಅವರಲ್ಲಿ ವಯಸ್ಕರ ಮಾದರಿಯ ಜೋಡಣೆ ಅಕಾಲದಲ್ಲೇ ಮೂಡಿತ್ತು. ಒತ್ತಡದ ಹಾರ್ಮೋನುಗಳು ಆ ಅವಸರಕ್ಕೆ ಕಾರಣವಿರಬಹುದೆಂದು ಅವರ ವಿಶ್ಲೇಷಣೆ ಸೂಚಿಸಿತು. ಅದರಿಂದ ಸ್ವಲ್ಪ ಲಾಭವೂ ಇತ್ತು: ಅನಾಥಾಲಯದಲ್ಲಿದ್ದ ಮಕ್ಕಳ ಪೈಕಿ ಜೋಡಣೆ ಬೇಗ ಬಲಿತವರಲ್ಲಿ ಆತಂಕ ಕಡಿಮೆ. ಆದರೂ ಒಟ್ಟಾರೆ ಆ ಗುಂಪಿನ ಆತಂಕ, ಹೆತ್ತವರ ಜೊತೆ ಬೆಳೆದವರಿಗಿಂತ ಹೆಚ್ಚೇ ಇತ್ತು. ಆಸರೆ ತಪ್ಪಿದಾಗ ಮಿದುಳು ತನ್ನ ಭಾರ ತಾನೇ ಹೊರಲು ಅವಸರ ಮಾಡಿದಂತೆ ಇದೆ.

ಬೇಗ ಬಲಿತದ್ದೆಲ್ಲ ಮಾಗಿದ್ದಲ್ಲ ಎಂಬುದು ಈ ಮೂರು ತಾಲ್ಲೂಕುಗಳ ರೈತರಿಗೆ ಹೊಸ ವಿಚಾರವೇನಲ್ಲ. ತೊಗರಿ ಅದನ್ನು ಅವರಿಗೆ ಕಲಿಸಿದೆ. ಮುಂಗಾರಿನಲ್ಲಿ ಒಟ್ಟಿಗೆ ಬಿತ್ತಿದ ಹೆಸರು ಎರಡು ಎರಡೂವರೆ ತಿಂಗಳಲ್ಲಿ ಕಟಾವಿಗೆ ಬಂದರೂ ಪಕ್ಕದ ಸಾಲಿನ ತೊಗರಿ ಬೆಳೆಯುವುದನ್ನೇ ಮರೆತಂತೆ ನಿಂತಿರುತ್ತದೆ. ಆ ದಿನಗಳಲ್ಲಿ ಅದು ಎರೆಭೂಮಿಯೊಳಗೆ ಬೇರು ಇಳಿಸುತ್ತಿರುತ್ತದೆ. ಮಳೆ ನಿಂತ ಮೇಲೆ ಹೂ ಬಿಟ್ಟು ಕಾಯಿ ಕಟ್ಟಲು ಆ ಬೇರೇ ಗತಿ. 2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿದಾಗ ಹೊಲಕ್ಕೆ ಹೊಲವೇ ಹೊತ್ತಿಗೆ ಮುಂಚೆ ಒಣಗಿತು. ದಾರಿಹೋಕನಿಗೆ ಅದು ಕೊಯ್ಲಿಗೆ ಬಂದ ಬೆಳೆಯಂತೆ ಕಂಡಿರಬಹುದು. ಬೇರಿನಿಂದ ಹತ್ತಿದ ಶಿಲೀಂಧ್ರ ನೀರಿನ ದಾರಿಯನ್ನೇ ಕಟ್ಟಿಹಾಕಿತ್ತೆಂದು ಗಿಡ ಕಿತ್ತು ಕಾಂಡ ಸೀಳಿ ನೋಡಿದ ರೈತನಿಗೆ ಗೊತ್ತು. ನೆಟೆ ಹೊಡೆದ ಗಿಡ ಬೇಗ ಬಲಿತಿತೆಂದು ಯಾವ ರೈತನೂ ಖುಷಿಪಡುವುದಿಲ್ಲ. ಮಕ್ಕಳ ವಿಷಯದಲ್ಲೂ ಅದೇ ಎಚ್ಚರ ಬೇಕು.

‘ಹೊಣೆ ಹೊತ್ತರೆ ಬುದ್ಧಿ ಬರುತ್ತದೆ’ ಎಂಬುದು ಇದಕ್ಕೆ ಬರುವ ಮೊದಲ ಆಕ್ಷೇಪ. ಆ ಮಾತಿನಲ್ಲಿ ಹುರುಳಿದೆ. ಅಡುಗೆ, ಸಂತೆಯ ಲೆಕ್ಕ, ಕುರಿ ಮೇಯಿಸುವುದು, ತಮ್ಮ ತಂಗಿಯರ ಆರೈಕೆ ಎಲ್ಲವೂ ಕೌಶಲಗಳೇ. ಮನೆಯವರು ಅದನ್ನು ಗುರುತಿಸಿ ಜೊತೆಗೆ ನಿಂತರೆ ಮಗುವಿನ ಆತ್ಮವಿಶ್ವಾಸವೂ ಬೆಳೆಯುತ್ತದೆ. ಆದರೆ ಎಲ್ಲ ಸಾಮರ್ಥ್ಯಗಳೂ ಒಟ್ಟಿಗೆ ಹಣ್ಣಾಗುವುದಿಲ್ಲ. ಮನೋವಿಜ್ಞಾನಿ ಲಾರೆನ್ಸ್ ಸ್ಟೈನ್‌ಬರ್ಗ್ ಅವರ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರತವೂ ಸೇರಿ 11 ದೇಶಗಳ, 10ರಿಂದ 30 ವರ್ಷದ ಐದು ಸಾವಿರಕ್ಕೂ ಹೆಚ್ಚು ಜನರಿದ್ದರು. ನಿಧಾನವಾಗಿ ಯೋಚಿಸಿ ತರ್ಕಿಸುವ ಶಕ್ತಿ 16ರ ಹೊತ್ತಿಗೆ ವಯಸ್ಕರ ಮಟ್ಟ ಮುಟ್ಟಿತ್ತು. ಉದ್ವೇಗ ತಡೆಯುವುದು, ಮುಂದಿನ ಫಲ ಎಣಿಸಿ ಈಗಿನ ಆಸೆ ಬಿಡುವುದು 18 ದಾಟಿದ ಮೇಲೂ ಬಲಿಯುತ್ತಲೇ ಇತ್ತು. ಹದಿನೈದರ ಹುಡುಗಿ ಮನೆಯ ಖರ್ಚನ್ನು ತಪ್ಪಿಲ್ಲದೆ ತೂಗಿಸಬಲ್ಲಳು. ಗಂಡನ ಮನೆಯ ಜಗಳ, ಬಸಿರು, ಒಂಟಿತನ ಅದೇ ಲೆಕ್ಕದ ಮುಂದುವರಿಕೆ ಅಲ್ಲ.

‘ನಮ್ಮ ಅಜ್ಜಿಯರು ಹದಿಮೂರಕ್ಕೆ ಮದುವೆಯಾಗಿ ಗಟ್ಟಿಯಾಗಿ ಬಾಳಲಿಲ್ಲವೇ?’ ಎಂಬುದು ಎರಡನೇ ಆಕ್ಷೇಪ. ಬಾಳಿದವರ ಗಟ್ಟಿತನಕ್ಕೆ ಗೌರವ ಸಲ್ಲಲೇಬೇಕು. ಆದರೆ ಆ ಸಾಕ್ಷ್ಯ ಉಳಿದವರದು ಮಾತ್ರ. ಮೊದಲ ಹೆರಿಗೆಯಲ್ಲೇ ತೀರಿಹೋದವರು, ಕೊರಗಿ ಸುಮ್ಮನಾದವರು ಅದರಲ್ಲಿ ಮಾತಾಡುವುದಿಲ್ಲ. ಮೂರನೆಯದು, ಇದೆಲ್ಲ ಬೇರೆ ದೇಶದ ಮಕ್ಕಳ ಮಾತು ಎಂಬ ತಕರಾರು. ಅದರಲ್ಲಿ ನ್ಯಾಯವಿದೆ. ಅನಾಥಾಲಯದ ಅನಾಥತೆಯನ್ನೂ ಗುಳೆ ಹೋದವರ ಮಗು ಅಜ್ಜಿಯ ಹತ್ತಿರ ಉಳಿಯುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳುತನದಲ್ಲಿ, ಮೈಸೂರೂ ಸೇರಿದಂತೆ ದೇಶದ ಏಳು ಕೇಂದ್ರಗಳಲ್ಲಿ 6ರಿಂದ 23 ವರ್ಷದವರ ಬೆಳವಣಿಗೆ ಅಳೆಯುವ ಸಿವೇದಾ ಯೋಜನೆ ಹುಟ್ಟಿದ್ದೇ ನಮ್ಮ ಮಕ್ಕಳ ಬಗ್ಗೆ ನಮ್ಮದೇ ಮಾಹಿತಿ ಬೇಕೆಂಬ ಕಾರಣಕ್ಕೆ. ಆದರೂ ಈ ಆಕ್ಷೇಪ ನನ್ನ ವಾದವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಅಜ್ಜಿ ಇರುವ ಮನೆಯ ಮಗು ಅನಾಥಾಲಯದ ಮಗುವಿಗಿಂತ ಚೆನ್ನಾಗಿರುತ್ತದೆ ಎಂದು ನಾವೆಲ್ಲ ಒಪ್ಪುವುದೇ, ಕಡ ಸಿಗುವ ಸಮಾಧಾನದ ಬೆಲೆ ಗೊತ್ತಿರುವುದರಿಂದ.

ಆದ್ದರಿಂದ ಮಾಡಬೇಕಾದದ್ದು ಸ್ಪಷ್ಟವಿದೆ. ಹಬ್ಬ ಮುಗಿಸಿ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವವರ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಋತುಮಾನದ ವಸತಿ ನಿಲಯಗಳಿಗೆ ಅವಕಾಶವಿದೆ. ಅಲ್ಲಿ ಊಟ, ಹಾಸಿಗೆಯಷ್ಟೇ ಮುಖ್ಯ, ತಿಂಗಳಿಗೊಬ್ಬರಂತೆ ಬದಲಾಗದೆ ಪೂರ್ತಿ ಹಂಗಾಮು ಜೊತೆಗಿರುವ ಒಬ್ಬ ದೊಡ್ಡವರು. ಗಲಾಟೆ ಮಾಡುವ ಹುಡುಗನ ಮೇಲಿರುವ ಶಿಕ್ಷಕರ ಕಣ್ಣು, ಎಂದೂ ಅಳದ, ಏನನ್ನೂ ಕೇಳದ ‘ಒಳ್ಳೆ ಹುಡುಗಿ’ಯ ಮೇಲೂ ಇರಬೇಕು. ಬಾಲ್ಯವಿವಾಹ ಹುಟ್ಟಿನಿಂದಲೇ ಅಸಿಂಧು ಎನ್ನುವ, 2017ರಲ್ಲಿ ಬಂದ ಕರ್ನಾಟಕದ ತಿದ್ದುಪಡಿ ನಮ್ಮ ಕೈಯಲ್ಲಿದೆ. ಹೆಣ್ಣಿನ ಮದುವೆಗೆ ಕಾನೂನು ಇಟ್ಟಿರುವ 18 ಎಂಬ ಅಂಕಿ ಮಿದುಳಿನಲ್ಲಿ ಎಲ್ಲೂ ಬರೆದಿಲ್ಲ, ನಿಜ. ಆದರೆ ಮಗುವಿನ ಮುಖ ನೋಡಿ ವಯಸ್ಸು ತೀರ್ಮಾನಿಸಲು ಬಿಟ್ಟರೆ, ಕಷ್ಟ ಹೆಚ್ಚು ಉಂಡ ಮಕ್ಕಳೇ ಎಲ್ಲರಿಗಿಂತ ಮೊದಲು ದೊಡ್ಡವರೆನಿಸಿಕೊಂಡು, ಎಲ್ಲರಿಗಿಂತ ಮೊದಲು ರಕ್ಷಣೆ ಕಳೆದುಕೊಳ್ಳುತ್ತಾರೆ. ಆ ಅನ್ಯಾಯ ತಡೆಯಲು, ಎಲ್ಲ ಮಕ್ಕಳಿಗೂ ಒಂದೇ ಆಗಿರುವ, ಯಾರ ಹೊಗಳಿಕೆಗೂ ಸರಿಯದ ಗೆರೆಯೊಂದು ಬೇಕೇ ಬೇಕು.