ಕೈಗೆ ಬಂದ ಆರು ಲಕ್ಷ: ಕಾರಿಗೋ, ಕಸುಬಿಗೋ?

ಅಮೃತೂರಿನ ಆ ಬೇಕರಿಗೆ ನಾವು ಹೋದದ್ದು ಮಧ್ಯಾಹ್ನದ ಹೊತ್ತು. ಗಿರಾಕಿ ಇರಲಿಲ್ಲ. ಕೌಂಟರಿನ ಮೇಲೆ ಒಂದು ಹಾಳೆ ಬಿದ್ದಿತ್ತು. ಬ್ರೆಡ್ಡಿನ ಲೆಕ್ಕ ಇರಬೇಕು ಅಂದುಕೊಂಡು ನೋಡಿದರೆ ಅದು ಕಾರಿನ ಪಟ್ಟಿ. ಅಲಾಯ್ ವೀಲ್ ಮತ್ತು ಅಗಲದ ಟೈರಿಗೆ 80 ಸಾವಿರ, ಮ್ಯೂಸಿಕ್ ಸಿಸ್ಟಮ್‌ಗೆ 45 ಸಾವಿರ, ಸೈಲೆನ್ಸರಿಗೆ 25 ಸಾವಿರ, ಹೆಡ್‌ಲೈಟಿಗೆ 20 ಸಾವಿರ, ಬಣ್ಣ ಬದಲಿಸುವ ರ್‍ಯಾಪಿಂಗ್ ಮತ್ತು ಸೀಟಿಗೆ 60 ಸಾವಿರ. ಒಟ್ಟು 2 ಲಕ್ಷ 30 ಸಾವಿರ. ಕಾರು ಎಂಟು ವರ್ಷ ಹಳೆಯದು, ಅದೂ ಸೆಕೆಂಡ್ ಹ್ಯಾಂಡ್. ಬೆಳಿಗ್ಗೆ ಅದರಲ್ಲೇ ಸುತ್ತಲಿನ ಊರಿನ ಅಂಗಡಿಗಳಿಗೆ ಬ್ರೆಡ್, ಬನ್ನು ಹೋಗುತ್ತದೆ.

ಅಮೃತೂರು ಕುಣಿಗಲ್ ತಾಲೂಕಿನ ಒಂದು ಹೋಬಳಿ ಕೇಂದ್ರ. ಸುತ್ತ ತೆಂಗಿನ ತೋಟ, ರಾಗಿ ಹೊಲ. ಮಂಗಳೂರು–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75 ಕುಣಿಗಲ್, ಯಡಿಯೂರಿನ ಮೂಲಕ ಹಾದುಹೋಗುತ್ತದೆ. ಈ ರಸ್ತೆ ಹಿಡಿದು ಕರಾವಳಿಯಿಂದ ಘಟ್ಟ ಹತ್ತಿ ಬಂದು ಬೇಕರಿ, ಹೋಟೆಲ್ ಇಟ್ಟುಕೊಂಡವರಲ್ಲಿ ನಮ್ಮವರೂ ಇದ್ದಾರೆ. ಬಂಟ್ವಾಳ ತಾಲೂಕಿನ ಈ ಯುವಕ ಬೇಕರಿ ಹಾಕಿ ಒಂಬತ್ತು ವರ್ಷ ಆಯಿತು. ಹೆಸರು ಹಾಕಬೇಡಿ ಎಂದು ಕೇಳಿಕೊಂಡ ಕಾರಣ ಹಾಕಿಲ್ಲ.

ಅನಿರೀಕ್ಷಿತ ಹಣ ಬಂದದ್ದೂ ಅದೇ ಹೆದ್ದಾರಿಯಿಂದ. ಬಿ.ಸಿ.ರೋಡ್–ಅಡ್ಡಹೊಳೆ ನಡುವಿನ ಚತುಷ್ಪಥಕ್ಕೆ ಬಾಪನ ಹೆಸರಿನ ಸ್ವಲ್ಪ ಜಾಗ ಹೋಯಿತು. ಪರಿಹಾರ 24 ಲಕ್ಷ ರೂಪಾಯಿ. ದುಡ್ಡು ಬರುವಷ್ಟರಲ್ಲಿ ಬಾಪ ಇರಲಿಲ್ಲ.

ಮೊದಲು ಪಾಲು

ಮನೆಯಲ್ಲಿ ಮೊದಲ ದಿನ ನಡೆದ ಮಾತು ಕಾರಿನದ್ದೂ ಅಲ್ಲ, ಓವನಿನದ್ದೂ ಅಲ್ಲ. ಉಮ್ಮ ಊರಿನ ಉಸ್ತಾದರಿಗೆ ಫೋನ್ ಮಾಡಿಸಿದರು. ಮಯ್ಯಿತ್ತಿನ ಖರ್ಚು, ಬಾಪನ ಸಾಲ, ವಸಿಯ್ಯತ್ ಏನಾದರೂ ಬಾಕಿ ಇದೆಯೇ ಎಂದು ಉಸ್ತಾದರು ಮೊದಲು ಕೇಳಿದರು. ಇಲ್ಲ ಎಂದಾದ ಮೇಲೆ ಲೆಕ್ಕ ಹೇಳಿದರು. ಮಕ್ಕಳಿರುವುದರಿಂದ ಉಮ್ಮನಿಗೆ ಎಂಟನೇ ಒಂದು ಪಾಲು, ಅಂದರೆ 3 ಲಕ್ಷ. ಬಾಪನ ತಂದೆ ತಾಯಿ ಈಗಿಲ್ಲ. ಉಳಿದ 21 ಲಕ್ಷ ಇಬ್ಬರು ಗಂಡು, ಮೂವರು ಹೆಣ್ಣು ಮಕ್ಕಳಿಗೆ. ಗಂಡಿಗೆ ಎರಡು, ಹೆಣ್ಣಿಗೆ ಒಂದರಂತೆ ಏಳು ಭಾಗ. ಗಂಡು ಮಕ್ಕಳಿಗೆ ತಲಾ 6 ಲಕ್ಷ, ಹೆಣ್ಣು ಮಕ್ಕಳಿಗೆ ತಲಾ 3 ಲಕ್ಷ.

ಲೆಕ್ಕ ಸುಲಭ. ಕೊಡುವುದು ಕಷ್ಟ. "ಅಕ್ಕಂದಿರು ಬೇಡ ಅಂತಾರೆ, ಮದುವೆಗೆ ಆವಾಗಲೇ ಖರ್ಚು ಮಾಡಿ ಆಗಿದೆ" ಎಂದು ಹೇಳಿ ಹೆಣ್ಣು ಮಕ್ಕಳ ಪಾಲನ್ನು ಹಾಗೇ ಇಟ್ಟುಕೊಳ್ಳುವ ಮನೆಗಳನ್ನು ನಾವೆಲ್ಲ ನೋಡಿದ್ದೇವೆ. ಮದುವೆಯ ಖರ್ಚು ಮೀರಾಸಿನಲ್ಲಿ ವಜಾ ಆಗುವುದಿಲ್ಲ. ಸೂರಃ ಅನ್ನಿಸಾದ 11 ಮತ್ತು 12ನೇ ಆಯತ್‌ಗಳಲ್ಲಿ ಪಾಲು ಗೊತ್ತಾಗಿದೆ. ಹೆಣ್ಣು ಮಗಳು ತನ್ನ ಪಾಲನ್ನು ಬಿಟ್ಟುಕೊಡುವುದಾದರೂ ಮೊದಲು ಅವಳ ಕೈಗೆ ಬರಲಿ, ಆಮೇಲೆ ಮನಸ್ಸಿದ್ದರೆ ಕೊಡಲಿ. ಈ ಮನೆಯಲ್ಲಿ ಮೂವರ ಬ್ಯಾಂಕ್ ಖಾತೆಗೂ ಹಣ ಹೋಗಿದೆ. ಯಾರೂ ವಾಪಸ್ ಕೊಟ್ಟಿಲ್ಲ, ಯಾರೂ ಕೇಳಿಯೂ ಇಲ್ಲ.

ಕಣ್ಣ ಮುಂದೆ ಇರ್ತದಲ್ಲ?

ಹಾಗೆ ಉಳಿದದ್ದು 6 ಲಕ್ಷ. ಸೌದಿಯಲ್ಲಿರುವ ಅಣ್ಣ ಫೋನಿನಲ್ಲಿ "ಎಲ್ಲಾದರೂ ಹಾಕು ಮಾರಾಯ, ಖರ್ಚು ಮಾಡಬೇಡ" ಅಂದ. ತಮ್ಮನ ಉತ್ತರ ನಮ್ಮನ್ನು ಯೋಚನೆಗೆ ಹಚ್ಚಿತು. "ಎಲ್ಲಿ ಹಾಕುದು? ಮಾವ ಹಲಾಲ್ ಅಂತ ಬೆಂಗಳೂರಲ್ಲಿ ಹಾಕಿದ್ರು. ಎಂತ ಸಿಕ್ಕಿತು? ಕಾರಿಗೆ ಹಾಕಿದ್ದು ಕಡೇಪಕ್ಷ ಕಣ್ಣ ಮುಂದೆ ಇರ್ತದಲ್ಲ?"

ಇದನ್ನು ಹುಡುಗಾಟದ ಮಾತು ಎಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನಲ್ಲಿ 2006ರಲ್ಲಿ ಶುರುವಾದ ಐಎಂಎ ಸಂಸ್ಥೆ ಹಲಾಲ್ ಲಾಭದ ಹೆಸರಿನಲ್ಲಿ ಹತ್ತಾರು ಸಾವಿರ ಜನರಿಂದ ಹಣ ಸಂಗ್ರಹಿಸಿತು. ಅದರಲ್ಲಿ ಹೆಚ್ಚಿನವರು ಮುಸ್ಲಿಮರು. 2019ರ ಜೂನ್‌ನಲ್ಲಿ ಅದರ ಸ್ಥಾಪಕ ಮನ್ಸೂರ್ ಖಾನ್ ದುಬೈಗೆ ಪರಾರಿಯಾದಾಗ ಶಿವಾಜಿನಗರದ ಕಚೇರಿ ಮುಂದೆ ಜನ ರಶೀದಿ ಹಿಡಿದು ನಿಂತಿದ್ದರು. ಜುಲೈನಲ್ಲಿ ದಿಲ್ಲಿಗೆ ಬಂದಿಳಿದಾಗ ಆತನ ಬಂಧನವಾಯಿತು, ಬಳಿಕ ತನಿಖೆ ಸಿಬಿಐಗೆ ಹೋಯಿತು. ಹೆಣ್ಣು ಮಕ್ಕಳ ಮದುವೆಗೆ ಇಟ್ಟ ಹಣ, ಗಲ್ಫಿನಿಂದ ತಂದ ಹಣ ಅದರಲ್ಲಿ ಹೋಯಿತು. ಅದಕ್ಕೆ ಒಂದು ವರ್ಷ ಮೊದಲು, 2018ರಲ್ಲಿ, ಆಂಬಿಡೆಂಟ್ ಪ್ರಕರಣ ಹೊರಗೆ ಬಂದಿತ್ತು. ಇಷ್ಟೆಲ್ಲ ನೋಡಿದ ಹುಡುಗನಿಗೆ 'ಹೂಡಿಕೆ' ಎಂಬ ಪದ ಕೇಳಿದರೇ ಭಯ.

ಆದರೆ ಕಣ್ಣ ಮುಂದೆ ಇರುವುದೆಲ್ಲ ಉಳಿಯುತ್ತದೆಯೇ? ವಿಮೆಯವರು ಕಾರಿನ ಬೆಲೆ ಕಟ್ಟುವ ಲೆಕ್ಕ ನೋಡಿ. ಒಂದು ವರ್ಷ ದಾಟಿದರೆ ಶೇ. 20, ಎರಡು ದಾಟಿದರೆ ಶೇ. 30, ನಾಲ್ಕು ದಾಟಿದರೆ ಶೇ. 50 ಕಡಿತ. ಐದು ವರ್ಷದೊಳಗೇ ಕಾರು ಅರ್ಧ ಬೆಲೆಗೆ ಇಳಿಯುತ್ತದೆ. ಇನ್ನು ಮಾಡಿಫಿಕೇಶನ್‌ಗೆ ಹಾಕಿದ ದುಡ್ಡನ್ನು ಮಾರುವಾಗ ಯಾರೂ ಕೊಡುವುದಿಲ್ಲ. ಸೈಲೆನ್ಸರ್ ಬದಲಿಸಿದ ಕಾರು ಕಂಡರೆ ಕೊಳ್ಳುವವ ಬೆಲೆ ಇನ್ನೂ ಇಳಿಸುತ್ತಾನೆ.

ಕಾನೂನೂ ಬಿಡುವುದಿಲ್ಲ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿಯಲ್ಲಿರುವ ವಿವರ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ, ಇಂಥ ಒಂದೊಂದು ಬದಲಾವಣೆಗೂ ಮಾಲಕನಿಗೆ 5 ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕರ್ಕಶ ಸೈಲೆನ್ಸರಿಗೆ 190ನೇ ಕಲಂ ಬೇರೆ ಇದೆ. ಅದರಲ್ಲಿ ದಂಡ 10 ಸಾವಿರದವರೆಗೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿದೆ. ಬಣ್ಣ ಬದಲಿಸಿದರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಲೇಬೇಕು.

2021ರ ಆಗಸ್ಟ್‌ನಲ್ಲಿ ಕಣ್ಣೂರಿನ 'ಇ ಬುಲ್ ಜೆಟ್' ಯೂಟ್ಯೂಬ್ ಸಹೋದರರ ವ್ಯಾನನ್ನು ಮೋಟಾರು ವಾಹನ ಇಲಾಖೆ ಹಿಡಿದದ್ದು ನಮ್ಮ ಹುಡುಗರಿಗೆ ಬಾಯಿಪಾಠ. ಆರ್‌ಟಿಒ ಕಚೇರಿಯಲ್ಲಿ ಗಲಾಟೆಯಾಗಿ ಬಂಧನದವರೆಗೂ ಹೋಯಿತು. ಇದಕ್ಕಿಂತಲೂ ದೊಡ್ಡ ಅಪಾಯ ವಿಮೆಯದ್ದು. ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ನಂತರ ಸರ್ವೇಯರ್ ಕಣ್ಣಿಗೆ ಬಿದ್ದರೆ ಕ್ಲೇಮ್ ತಿರಸ್ಕಾರ ಆಗಬಹುದು. ದಿನಾ ಬೆಳಿಗ್ಗೆ ಸರಕು ಹೊತ್ತು ಓಡುವ ಕಾರಿಗೆ ಇದು ತಮಾಷೆಯ ವಿಷಯ ಅಲ್ಲ.

ಅಡವಿಟ್ಟ ಮಹರ್

ಮಾತು ಇಲ್ಲಿಗೆ ಬಂದಾಗ ಒಳಗಿನಿಂದ ಹೆಂಡತಿ ಒಂದು ಮಾತು ಸೇರಿಸಿದಳು. ಲಾಕ್‌ಡೌನ್ ಸಮಯದಲ್ಲಿ ಅಂಗಡಿ ಬಾಡಿಗೆಗೆಂದು ಅವಳ ಬಳೆ ಅಡವಿಟ್ಟದ್ದು ಇನ್ನೂ ಬಿಡಿಸಿಲ್ಲ. ಬಡ್ಡಿ ಸೇರಿ 1 ಲಕ್ಷ 60 ಸಾವಿರ ಕಟ್ಟಬೇಕು. ಆ ಬಳೆ ಮಹರಿನದ್ದು. ಅದು ಅವಳ ಸ್ವಂತ ಸೊತ್ತು. ಗಂಡ ಅಡವಿಟ್ಟಿದ್ದಾನೆ ಅಂದರೆ ಅವಳ ಸಾಲಗಾರ ಎಂದೇ ಅರ್ಥ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪಟ್ಟಿಯ ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬರೆಯಲು ಕೂತ.

ಬಡ್ಡಿಯ ಸಾಲ ತಲೆ ಮೇಲೆ ಇರುವಾಗ ಅದನ್ನು ತೀರಿಸುವುದಕ್ಕಿಂತ ಒಳ್ಳೆಯ ಹೂಡಿಕೆ ಇಲ್ಲ. ಹರಾಮಿನಿಂದ ಹೊರಬರುತ್ತೇವೆ, ಪ್ರತಿ ತಿಂಗಳು ಹೋಗುವ ಬಡ್ಡಿಯೂ ನಿಲ್ಲುತ್ತದೆ. ಎರಡನೆಯದು ಗೊತ್ತಿರುವ ಕಸುಬು. 'ಬ್ಯಾರಿ' ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಎನ್ನುತ್ತಾರೆ. ತಾನೇ ನಿಂತು ನೋಡಿಕೊಳ್ಳುವ ವ್ಯಾಪಾರಕ್ಕೆ ಹಾಕಿದ ಹಣವೂ ಕಣ್ಣ ಮುಂದೆಯೇ ಇರುತ್ತದೆ. ಹಬ್ಬ, ಮದುವೆ ಸೀಸನ್‌ನಲ್ಲಿ ಈ ಬೇಕರಿಯಲ್ಲಿ ಹಿಟ್ಟು ಕಲಸುವುದೇ ಸಾಕಾಗುವುದಿಲ್ಲ. ಆರ್ಡರ್ ವಾಪಸ್ ಹೋಗುತ್ತದೆ.

ಹೊರಗೆ ಹಾಕುವುದಾದರೆ

ಹೊರಗೆ ಹಾಕಲೇಬೇಕೆಂದರೆ ಒಂದು ಪರೀಕ್ಷೆ ಇದೆ. ಪಾಲುದಾರಿಕೆಯಲ್ಲಿ ಲಾಭದ ಅನುಪಾತ ಮೊದಲೇ ಗೊತ್ತಾಗಬಹುದು, ಲಾಭದ ಮೊತ್ತ ಗೊತ್ತಾಗುವುದಿಲ್ಲ. ನಷ್ಟ ಬಂದರೆ ಬಂಡವಾಳಕ್ಕೂ ಪೆಟ್ಟು ಬೀಳುತ್ತದೆ. ಹಾಗಿರುವಾಗ "ತಿಂಗಳಿಗೆ ಇಷ್ಟು ಗ್ಯಾರಂಟಿ, ಅದೂ ಹಲಾಲ್" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ, ಹೇಳುವವರ ಟೊಪ್ಪಿ, ಗಡ್ಡ ನೋಡಬೇಡಿ. ಅನುಮತಿಯಿಲ್ಲದೆ ಸಾರ್ವಜನಿಕರಿಂದ ಠೇವಣಿ ಸಂಗ್ರಹಿಸುವುದು 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯಡಿ ಅಪರಾಧ. ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣದಲ್ಲಿ ಇಂಥವರ ಬಗ್ಗೆ ವಿಚಾರಿಸಬಹುದು, ದೂರೂ ಕೊಡಬಹುದು.

ಸೆಬಿ ನಿಯಂತ್ರಣದಲ್ಲಿ ಟಾಟಾ ಎಥಿಕಲ್ ಫಂಡ್‌ನಂಥ ಶರೀಅತ್ ಪ್ರಕಾರದ ಮ್ಯೂಚುವಲ್ ಫಂಡ್‌ಗಳಿವೆ. ಬ್ಯಾಂಕ್, ಮದ್ಯ, ತಂಬಾಕು, ಜೂಜಿನ ಕಂಪನಿಗಳನ್ನೂ ಬಡ್ಡಿ ಸಾಲ ಮಿತಿ ಮೀರಿದ ಕಂಪನಿಗಳನ್ನೂ ಇವು ಹೊರಗಿಡುತ್ತವೆ. ಇಲ್ಲಿಯೂ ಶೇರು ಬಿದ್ದರೆ ಹಣ ಬೀಳುತ್ತದೆ. ಐದಾರು ವರ್ಷ ಬೇಡವಾದ ದುಡ್ಡು ಮಾತ್ರ ಇದಕ್ಕೆ ಸರಿ. ಮನಸ್ಸು ಒಪ್ಪದಿದ್ದರೆ ನಿಮ್ಮ ಉಸ್ತಾದರನ್ನು ಕೇಳಿ.

ಝಕಾತ್ ಕೂಡ ನೆನಪಿರಲಿ. ಓಡಿಸುವ ಕಾರಿಗೆ ಝಕಾತ್ ಇಲ್ಲ. ನಿಸಾಬ್, ಅಂದರೆ 595 ಗ್ರಾಂ ಬೆಳ್ಳಿಯ ಬೆಲೆಯಷ್ಟು ಅಥವಾ ಅದಕ್ಕಿಂತ ಹೆಚ್ಚು ನಗದು, ಒಂದು ಹಿಜರಿ ವರ್ಷ ಕೈಯಲ್ಲಿದ್ದರೆ ಶೇ. 2.5 ಕೊಡಬೇಕು. ವ್ಯಾಪಾರದ ಸರಕಿಗೂ ಝಕಾತ್ ಉಂಟು. "ಝಕಾತ್ ತಪ್ಪಿಸ್ಲಿಕ್ಕೆ ಕಾರಿಗೆ ಹಾಕ್ತೀಯಾ ಮೋನೆ?" ಎಂದು ಉಮ್ಮ ನಕ್ಕರು.

ಹಾಳೆಯ ಹಿಂಬದಿ

ನಾವು ಹೊರಡುವಾಗ ಹಾಳೆಯ ಹಿಂಬದಿಯಲ್ಲಿ ಇದ್ದ ಲೆಕ್ಕ ಇದು: ಬಳೆ ಬಿಡಿಸಲು 1 ಲಕ್ಷ 60 ಸಾವಿರ. ಹಿಟ್ಟು ಕಲಸುವ ಯಂತ್ರ ಮತ್ತು ಇನ್ನೊಂದು ಓವನಿಗೆ ಎರಡೂವರೆ ಲಕ್ಷ. ಬಾಡಿಗೆ, ಮೈದಾ, ಆಸ್ಪತ್ರೆ ಅಂತ ಕೈಯಲ್ಲಿಡಲು 90 ಸಾವಿರ. ಫಂಡಿಗೆ ತಿಂಗಳಿಗೆ 5 ಸಾವಿರದಂತೆ ಹತ್ತು ತಿಂಗಳು, 50 ಸಾವಿರ. ಕಾರಿಗೆ 50 ಸಾವಿರ: ಕಂಪನಿ ಅಳತೆಯದ್ದೇ ನಾಲ್ಕು ಹೊಸ ಟೈರ್, ಬ್ರೇಕ್ ಕೆಲಸ, ಉಳಿದದ್ದರಲ್ಲಿ ಒಂದು ಸಾಧಾರಣ ಮ್ಯೂಸಿಕ್ ಸಿಸ್ಟಮ್.

ಮ್ಯೂಸಿಕ್ ಸಿಸ್ಟಮನ್ನೂ ಹೊಡೆದುಹಾಕಬೇಕು ಅಂತ ಅಣ್ಣನ ವಾದ. ಉಮ್ಮ ಬಿಡಲಿಲ್ಲ. ನಸುಕಿನ ನಾಲ್ಕು ಗಂಟೆಗೆ ಎದ್ದು ಒಲೆ ಮುಂದೆ ನಿಲ್ಲುವ ಹುಡುಗನಿಗೆ ಅಷ್ಟಾದರೂ ಖುಷಿ ಬೇಡವೇ ಎಂದು ಅವರ ಪ್ರಶ್ನೆ. ದುಂದಿಗೂ ಜಿಪುಣತನಕ್ಕೂ ನಡುವಿನ ದಾರಿ ಹಿಡಿಯುವವರನ್ನು ಕುರ್‌ಆನ್ ಹೊಗಳಿದೆ. ಸೂರಃ ಅಲ್‌ಫುರ್ಖಾನಿನಲ್ಲಿ ಅದು ಉಂಟು.

ನಿಮ್ಮ ಮನೆಗೂ ಒಂದು ದಿನ ಇಂಥ ಹಣ ಬರಬಹುದು. ಜಾಗದ ಪರಿಹಾರವೋ, ಗಲ್ಫ್ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿಯೋ ಆಗಿರಬಹುದು. ಅದರಲ್ಲಿ ಯಾರ ಹಕ್ಕು ಎಷ್ಟು ಎಂದು ಮೊದಲು ಬರೆಯಿರಿ. ಉಳಿದದ್ದು ಮಾತ್ರ ನಿಮ್ಮದು. ಆಮೇಲೆ ಕಾರಿನ ಮಾತು ಆಡಿದರೆ ಮನೆಯಲ್ಲಿ ಯಾರೂ ಬೇಸರ ಮಾಡಿಕೊಳ್ಳಲಿಕ್ಕಿಲ್ಲ.