ಸಾರಥಿಯ ಕಣ್ಣಿಗೆ ತೆರೆ

ಫೋನನ್ನು ಕೈಯಲ್ಲಿ ಹಿಡಿಯದೆ, ಬಾಯಿಮಾತಿನಿಂದಲೇ ಕಾರಿಗೆ ಆಜ್ಞೆಯಿತ್ತರೆ ಅಪಾಯವೇನೂ ಇಲ್ಲವಷ್ಟೆ ಎಂದು ವಾಚಕರೊಬ್ಬರು ಕೇಳಿದ್ದಾರೆ. ಹೊಸ ವಾಹನದ ಗಾಲಿಯಡಿಯಲ್ಲಿ ನಿಂಬೆಹಣ್ಣನ್ನು ಜಜ್ಜಿಸಿ ನಿಶ್ಚಿಂತರಾಗುವವರ ನಂಬಿಕೆಗೂ ಇದಕ್ಕೂ ನಾನು ಹೆಚ್ಚಿನ ಅಂತರವನ್ನು ಕಾಣೆನು. ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಯಂತ್ರದೊಡನೆ ಸಂಭಾಷಣೆ ಮುಗಿದ ಮೇಲೆಯೂ ಚಾಲಕನ ಚಿತ್ತವು ರಸ್ತೆಗೆ ಪೂರ್ಣವಾಗಿ ಮರಳಲು ಕೆಲವೊಮ್ಮೆ 27 ಸೆಕೆಂಡುಗಳವರೆಗೆ ಹಿಡಿಯಿತು. ಗಂಟೆಗೆ 40 ಕಿಲೋಮೀಟರಿನ ಮಂದಗತಿಯಲ್ಲಿಯೂ ಅಷ್ಟರೊಳಗೆ ಕಾರು 300 ಮೀಟರು ಸಾಗಿರುತ್ತದೆ.

ಚಿತ್ತದ ವಿಷಯ ಹಾಗಿರಲಿ. ಕಣ್ಣಿನ ವಿಷಯದಲ್ಲಿ ನನಗೆ ಪರಮಪ್ರಿಯವಾದ ಪ್ರಯೋಗವೊಂದಿದೆ. ವಾಹನ ನಡೆಸುವವನು ನಿಜವಾಗಿ ಎಷ್ಟು ಹೊತ್ತು ರಸ್ತೆಯನ್ನು ನೋಡುತ್ತಿರಬೇಕೆಂಬುದನ್ನು ಅಳೆಯಬಯಸಿದ ಜಾನ್ ಸೆಂಡರ್ಸ್ ಎಂಬ ವಿಜ್ಞಾನಿ, 1960ರ ದಶಕದಲ್ಲಿ, ಆಗಾಗ ಕೆಳಗಿಳಿದು ಕಣ್ಣನ್ನು ಮರೆಮಾಡುವ ತೆರೆಯುಳ್ಳ ಶಿರಸ್ತ್ರಾಣವನ್ನು ಧರಿಸಿ, ಹೆದ್ದಾರಿಯಲ್ಲಿ ಸ್ವತಃ ಕಾರು ನಡೆಸಿದರು! ತೆರೆ ಮುಚ್ಚಿರುವ ಅವಧಿ ದೀರ್ಘವಾದಷ್ಟೂ ಚಾಲಕನ ವೇಗ ತಗ್ಗಿತು. ವೇಗವನ್ನು ಮೊದಲೇ ನಿಗದಿಮಾಡಿ ತೆರೆಯೆತ್ತುವ ಅಧಿಕಾರವನ್ನು ಚಾಲಕನಿಗೇ ಒಪ್ಪಿಸಿದಾಗ, ವೇಗವೇರಿದಂತೆಲ್ಲ ಅವನು ಪದೇಪದೇ ನೋಟವನ್ನು ಬೇಡಿದನು. ಒಮ್ಮೆ ಕಂಡ ರಸ್ತೆಯ ಚಿತ್ರವು ಮನಸ್ಸಿನಲ್ಲಿ ಕ್ಷಣಕ್ಷಣಕ್ಕೂ ಹಳಸುತ್ತ, ಅನಿಶ್ಚಯವು ಬೆಳೆದು ಸಹಿಸಲಾರದಷ್ಟಾದಾಗ ಕಣ್ಣು ಮರಳಿ ರಸ್ತೆಯನ್ನು ಅರಸುತ್ತದೆಂಬುದು ಅವರ ಸಿದ್ಧಾಂತ. ಜನರನ್ನು ಮೊದಲು ನಗಿಸಿ ಆಮೇಲೆ ಚಿಂತನೆಗೆ ಹಚ್ಚುವ ಸಂಶೋಧನೆಗೆ ಮೀಸಲಾದ ಇಗ್ ನೊಬೆಲ್ ಬಹುಮಾನ ಇದಕ್ಕೆ 2011ರಲ್ಲಿ ದೊರೆಯಿತು.

ಆ ತೆರೆಯ ಸಂತತಿ ಇಂದು ಕನ್ನಡಕವಾಗಿದೆ. ಒಂದೂವರೆ ಸೆಕೆಂಡು ತೆರೆದು, ಒಂದೂವರೆ ಸೆಕೆಂಡು ಮುಚ್ಚುವ ಈ ಕನ್ನಡಕವನ್ನು ಧರಿಸಿ, ನಿಂತ ಕಾರಿನಲ್ಲಿಯೇ ಕುಳಿತು, ಪರೀಕ್ಷೆಗೊಳಗಾದವನು ಟಚ್‌ಸ್ಕ್ರೀನಿನ ಮೇಲೆ ಒಂದು ಕೆಲಸವನ್ನು ಮಾಡಬೇಕು. ನೋಟ ದೊರೆತ ಹೊತ್ತು ಒಟ್ಟು 12 ಸೆಕೆಂಡುಗಳನ್ನು ಮೀರಿದರೆ ಆ ಕೆಲಸವು ಚಾಲನೆಯ ವೇಳೆಗೆ ಯೋಗ್ಯವಲ್ಲವೆಂದು ಅಮೆರಿಕದ ಹೆದ್ದಾರಿ ಸುರಕ್ಷಾ ಇಲಾಖೆಯ 2013ರ ಮಾರ್ಗಸೂಚಿ ಹೇಳುತ್ತದೆ. ಮಾರ್ಗಸೂಚಿ ಕಡ್ಡಾಯವಲ್ಲ; ಟಚ್‌ಸ್ಕ್ರೀನು ಎಷ್ಟು ಹೊತ್ತನ್ನು ನುಂಗುತ್ತದೆಂಬುದೂ ಕಾಣುತ್ತಿದೆ. 2022ರಲ್ಲಿ ಸ್ವೀಡನ್ನಿನ ಮೋಟಾರು ಪತ್ರಿಕೆಯೊಂದು ಗಂಟೆಗೆ 110 ಕಿಲೋಮೀಟರು ವೇಗದಲ್ಲಿ ಪರೀಕ್ಷಿಸಿದಾಗ, ರೇಡಿಯೊ ಹಚ್ಚುವುದೇ ಮೊದಲಾದ ನಾಲ್ಕು ಕೆಲಸಗಳು ಗುಂಡಿಗಳುಳ್ಳ 2005ರ ವೋಲ್ವೊದಲ್ಲಿ 10 ಸೆಕೆಂಡುಗಳಲ್ಲಿ ಮುಗಿದವು. ನುಣುಪಾದ ಗಾಜಿನ ಫಲಕವುಳ್ಳ ಹೊಸ ಕಾರೊಂದರಲ್ಲಿ 44.6 ಸೆಕೆಂಡುಗಳು ಬೇಕಾದವು. ಕತ್ತಲೆಯ ಅಡಿಗೆಮನೆಯಲ್ಲಿಯೂ ನಮ್ಮ ಗೃಹಿಣಿಯರ ಕೈ ಸಾಸಿವೆಯ ಡಬ್ಬಿಯನ್ನು ತಪ್ಪದೆ ಮುಟ್ಟುವಂತೆ, ಉಬ್ಬುತಗ್ಗುಗಳುಳ್ಳ ಗುಂಡಿಯನ್ನು ಬೆರಳೇ ಹುಡುಕಿಕೊಳ್ಳುತ್ತದೆ. ಗಾಜಿನ ಮೇಲೆ ಬೆರಳಿಗೆ ದಾರಿ ತೋರಿಸಲು ಕಣ್ಣೇ ಹೋಗಬೇಕು.

2026ರಿಂದ, ಹೊಸ ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಸಂಸ್ಥೆಯು ದಿಕ್ಸೂಚಕ ದೀಪ, ಅಪಾಯಸೂಚಕ ದೀಪ, ಹಾರನ್, ವೈಪರ್ ಮತ್ತು ತುರ್ತು ಕರೆಗಳಿಗೆ ಪ್ರತ್ಯೇಕವಾದ ನಿಜವಾದ ಗುಂಡಿಗಳಿದ್ದರೆ ಮಾತ್ರ ಪೂರ್ಣಾಂಕಕ್ಕೆ ಎಡೆಗೊಡುತ್ತದೆ. ಪಟ್ಟಿಯಲ್ಲಿ ಏ.ಸಿ. ಸೇರಿಲ್ಲ, ಇದೊಂದು ನನ್ನ ತಕರಾರು.