ಬೆಂಕಿಯ ಸುತ್ತಲ ಕಲ್ಲು

ಸಯನ್ ನಿಲ್ದಾಣದಿಂದ ಪಶ್ಚಿಮಕ್ಕೆ ಇಳಿದು ಧಾರಾವಿಯ ಕುಂಭಾರವಾಡೆಗೆ ಹೋದರೆ ಮಡಕೆ ಸುಡುವ ಭಟ್ಟಿಗಳು ಸಿಗುತ್ತವೆ. ಅಲ್ಲಿ ಬೆಂಕಿಗೆ ಎದೆಯೊಡ್ಡಿರುವುದು ಇಟ್ಟಿಗೆ ಮತ್ತು ಮಣ್ಣು. ಮುಂಬಯಿಯ ಹಳೆಯ ಬೇಕರಿಗಳ ಕಟ್ಟಿಗೆ ಭಟ್ಟಿಯ ಒಳಮೈ ಕೂಡ ಇಟ್ಟಿಗೆಯದೇ. ಕರಿಕಲ್ಲಿಗೆ ಬರವಿಲ್ಲದ ಊರಿನಲ್ಲೂ ಬೆಂಕಿಯ ಕಸುಬಿನವರು ಕಲ್ಲನ್ನು ಉರಿಯ ಬಾಯಿಗೆ ಕೊಟ್ಟಿಲ್ಲ. ಮಡಿಕೇರಿಯಲ್ಲೋ ಸಕಲೇಶಪುರದಲ್ಲೋ ಲೋಣಾವಳದಲ್ಲೋ ಮನೆ ಕಟ್ಟಿಸುತ್ತ, ಹಜಾರಕ್ಕೊಂದು ಕಟ್ಟಿಗೆಯ ಅಗ್ಗಿಷ್ಟಿಕೆ ಬೇಕೆನ್ನುವ ಸಯನ್‌ನ ಕನ್ನಡಿಗರು ಕಲ್ಲು ಆರಿಸುವ ಮುನ್ನ ಈ ಭಟ್ಟಿಗಳನ್ನೊಮ್ಮೆ ನೋಡಬೇಕು.

ಮುಂಬಯಿಯ ಕರಿಕಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದಲ್ಲಿ ಲಾವಾ ಹರಿಯತೊಡಗಿದ ಕಾಲದ ಸಂತಾನ. ಬೆಂಕಿಯಿಂದಲೇ ಹುಟ್ಟಿದ ಕಲ್ಲಿಗೆ ಬೆಂಕಿಯ ಭಯವೆಲ್ಲಿಯದು ಎನಿಸಬಹುದು. ಆದರೆ ಲಾವಾ ತಣ್ಣಗಾಗುವಾಗ ಅನಿಲದ ಗುಳ್ಳೆಗಳು ಬಿಟ್ಟುಹೋದ ಪೊಟರೆಗಳಲ್ಲಿ ಆಮೇಲೆ ನೀರು ಹೊಕ್ಕು, ಜಿಯೊಲೈಟ್ ಎಂಬ ಖನಿಜಗಳು ಬೆಳೆದಿರುತ್ತವೆ. ಇವು ತಮ್ಮ ಹರಳಿನೊಳಗೇ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. 1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಕ್ರೋನ್‌ಸ್ಟೆಟ್ ಇಂಥ ಖನಿಜವನ್ನು ಕಾಯಿಸಿದಾಗ ಅದು ನೊರೆಯುಕ್ಕಿಸಿ ಹಬೆ ಬಿಟ್ಟಿತು. ನೀರು ಹಬೆಯಾದರೆ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಹೊರಬರಲು ದಾರಿ ಸಾಲದಿದ್ದರೆ ಕಲ್ಲಿನ ಚಕ್ಕೆ ಸಿಡಿಯುತ್ತದೆ. ಬಿಳಿ ಚುಕ್ಕೆಗಳ ಬಸಾಲ್ಟ್ ನೋಡಲು ಚಂದ, ಸರಿ. ಅದನ್ನು ಉರಿಯಿಂದ ದೂರವಿಡಿ. ಗ್ರಾನೈಟಿನದು ಬೇರೆ ತೊಂದರೆ. ಅದರಲ್ಲಿರುವ ಕ್ವಾರ್ಟ್ಜ್ 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹರಳಿನ ರಚನೆ ಬದಲಿಸಿ ತಟ್ಟನೆ ಉಬ್ಬುತ್ತದೆ. ಪಕ್ಕದ ಖನಿಜಗಳು ಅಷ್ಟು ಉಬ್ಬುವುದಿಲ್ಲ, ಹಾಗಾಗಿ ಒಳಗೇ ಬಿರುಕು.

ಆದ್ದರಿಂದ ಕಲ್ಲು ಅಗ್ಗಿಷ್ಟಿಕೆಯ ಹೊರ ಅಂಗಿಯಷ್ಟೇ. ಉರಿ ತಾಗುವ ಒಳಗೂಡು ಫೈರ್ ಬ್ರಿಕ್ಕಿನದಾಗಬೇಕು, ಅದರ ಸಂದುಗಳಿಗೆ ಬೆಂಕಿ ತಡೆಯುವ ಜೇಡಿಯ ಗಾರೆ ಹಾಕಬೇಕು. ಸಾಮಾನ್ಯ ಸಿಮೆಂಟು ಬೇಡ. 400 ಡಿಗ್ರಿ ದಾಟಿದ ಮೇಲೆ ಅದರ ಬಂಧ ಸಡಿಲವಾಗುತ್ತದೆ. ಒಳಗೂಡಿಗೂ ಹೊರಗಲ್ಲಿಗೂ ನಡುವೆ ಸಣ್ಣ ಅಂತರ ಬಿಡಬೇಕು.

ಅಗ್ಗಿಷ್ಟಿಕೆಯ ಬಾಯಿಯ ಮೇಲೆ ಕಲ್ಲು ಹೊರುವ ಉಕ್ಕಿನ ಆಂಗಲ್ ವಿಷಯದಲ್ಲಿ ಅವಸರ ಸಲ್ಲದು. ಒಂದು ಮೀಟರ್ ಉಕ್ಕು 200 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 2.4 ಮಿಲಿಮೀಟರ್ ಉದ್ದವಾಗುತ್ತದೆ. ಎರಡೂ ತುದಿಗಳನ್ನು ಗಾರೆಯಲ್ಲಿ ಬಿಗಿದುಬಿಟ್ಟರೆ ಆ ಉದ್ದ ಕಲ್ಲನ್ನೇ ತಳ್ಳುತ್ತದೆ. ಸೊಗಸಾಗಿ ಮುಗಿಸಿದ ಕೆಲಸದ ಮೂಲೆಯಲ್ಲಿ ಓರೆ ಬಿರುಕು ಬಿಡಲು ಇಷ್ಟು ಸಾಕು. ತುದಿಗಳಲ್ಲಿ ಕೆಲವು ಮಿಲಿಮೀಟರ್ ಜಾಗ ಬಿಡಿಸುವುದು ಗಾರೆಯವರ ಬಳಿ ಹಟ ಹಿಡಿದು ಕೇಳಬೇಕಾದ ಮಾತು.

ಹೊಗೆಯನ್ನು ಮೇಲೆಳೆಯುವ ಬಲ ನಾವು ಊಹಿಸುವುದಕ್ಕಿಂತ ಬಹಳ ಸಣ್ಣದು. ಹೊರಗೆ 15 ಡಿಗ್ರಿ, ಐದು ಮೀಟರ್ ಎತ್ತರದ ಚಿಮಣಿಯೊಳಗೆ 150 ಡಿಗ್ರಿ ಇದ್ದರೆ ಸೆಳೆತ ಸುಮಾರು 19 ಪಾಸ್ಕಲ್, ಅಂದರೆ ಎರಡು ಮಿಲಿಮೀಟರ್ ನೀರಿನ ಒತ್ತಡ. ಕಿಟಕಿ ಮುಚ್ಚಿದ ಮನೆಯಲ್ಲಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಇದನ್ನು ಸೋಲಿಸಿ ಹೊಗೆಯನ್ನು ಹಜಾರಕ್ಕೇ ತಂದುಬಿಡಬಲ್ಲದು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಹೊರಗಾಳಿ ಬರಲು ಒಂದು ದಾರಿ ಇರಲೇಬೇಕು. ಕಟ್ಟಿಗೆ ಹಸಿಯಿದ್ದರೆ ಉರಿಯ ಶಾಖ ಅದರ ನೀರು ಆರಿಸುವುದಕ್ಕೇ ವೆಚ್ಚವಾಗಿ, ಹೊಗೆ ತಣ್ಣಗಾಗಿ, ಚಿಮಣಿಯೊಳಗೆ ಟಾರಿನಂಥ ಜಿಗುಟು ಕೂರುತ್ತದೆ. ಒಂದು ದಿನ ಅದೇ ಹೊತ್ತಿಕೊಳ್ಳಬಹುದು.

ಸಯನ್‌ನ ಫ್ಲಾಟಿನಲ್ಲೇ ಅಗ್ಗಿಷ್ಟಿಕೆ ಕಟ್ಟಿಸುವ ಆಸೆಯನ್ನು ನಾನು ಒಪ್ಪುವುದಿಲ್ಲ. ಮುಂಬಯಿಯ ಗಾಳಿ ಕೆಟ್ಟಿದೆಯೆಂದು 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಕಟ್ಟಿಗೆ, ಇದ್ದಿಲು ಉರಿಸುವ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸಿಗೋ ಬೇರೆ ಸ್ವಚ್ಛ ಇಂಧನಕ್ಕೋ ಬದಲಾಗಬೇಕೆಂದಿತು. ಪಾವ್ ಸುಡುವವರು ಹೊಟ್ಟೆಪಾಡಿನ ಭಟ್ಟಿ ಬದಲಿಸಬೇಕಾದ ಊರಿನಲ್ಲಿ ಅಲಂಕಾರಕ್ಕೆಂದು ಹೊಗೆ ಬಿಡುವುದು ನ್ಯಾಯವಲ್ಲ.

ಬೆಟ್ಟದ ಮನೆಯಲ್ಲಾದರೆ, ಕೆಲಸ ಮುಗಿದ ದಿನವೇ ದೊಡ್ಡ ಉರಿ ಹಾಕಬೇಡಿ. ಗಾರೆಯ ನೀರು ಆರಲು ಕೆಲವು ವಾರ ಬಿಟ್ಟು, ಮೊದಲು ಕೈಹಿಡಿಯಷ್ಟು ಪುರಳೆಯ ಬೆಂಕಿ, ಮರುದಿನ ತುಸು ಹೆಚ್ಚು, ಹೀಗೆ ಏರಿಸುತ್ತ ಹೋಗಿ. ಪ್ರತಿ ಸಲ ತಣ್ಣಗಾದ ಮೇಲೆ ಸಂದುಗಳನ್ನು ಟಾರ್ಚ್ ಹಿಡಿದು ನೋಡಿ.